ಸೇತುವೆಯಿಂದ ಹಿಂದಕ್ಕೋಡಿದ ಕರುಗಳು: ಗ್ರೀನ್ ರಿವರ್ ದಾರಿಯಲ್ಲಿ ಕುದುರೆ ಮೇಲೆ ದನ ಸಾಗಿಸುವ ಒಂದು ಪ್ರಕರಣ

ಅಮೆರಿಕದ ವಯೋಮಿಂಗ್ ರಾಜ್ಯದ ಸಬ್ಲೆಟ್ ಕೌಂಟಿಯಲ್ಲಿ, ಪೈನ್‌ಡೇಲ್ ಮತ್ತು ಕೋರಾ ಆಸುಪಾಸಿನ, ದನ ಸಾಕುವ ದೊಡ್ಡ ಜಮೀನುಗಳಾದ ರಾಂಚ್‌ಗಳವರು 1890ರ ದಶಕದಿಂದಲೂ ಒಂದೇ ದಾರಿ ಹಿಡಿದು ದನ ಹೊಡೆದುಕೊಂಡು ಹೋಗುತ್ತಿದ್ದಾರೆ. ವಸಂತದಲ್ಲಿ ದಕ್ಷಿಣದ ಒಣ ಬಯಲಿನಲ್ಲಿ ಮೇದ ಹಿಂಡುಗಳು ಜೂನ್ ತಿಂಗಳಲ್ಲಿ ಉತ್ತರಕ್ಕೆ ಹೊರಟು, ಗ್ರೀನ್ ನದಿಯ ಮೇಲ್ದಂಡೆಯ ಬ್ರಿಜರ್-ಟೀಟನ್ ರಾಷ್ಟ್ರೀಯ ಅರಣ್ಯದ ಹುಲ್ಲುಗಾವಲು ಸೇರುತ್ತವೆ. ಅಕ್ಟೋಬರಿನಲ್ಲಿ ಹಿಮ ಬೀಳತೊಡಗಿದರೆ ದನಗಳು ಯಾರ ಅಪ್ಪಣೆಗೂ ಕಾಯದೆ ತಾವೇ ಕೆಳಗಿಳಿಯುತ್ತವೆ. ಹಾಗೆ ತಾವಾಗಿ ಇಳಿದುಬರುವುದರಿಂದಲೇ ಈ ದಾರಿಗೆ ‘ಡ್ರಿಫ್ಟ್’ ಎಂದು ಹೆಸರು. 2013ರಲ್ಲಿ ಇದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಅಮೃತಮಹಲ್ ಕಾವಲುಗಳ ಚರಿತ್ರೆ ಬಲ್ಲ ಕನ್ನಡಿಗರಿಗೆ ಈ ಲೆಕ್ಕಾಚಾರ ಹೊಸದಲ್ಲ. ಮೈಸೂರು ಸೀಮೆಯಲ್ಲೂ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ ದನಗಳನ್ನು ಸಾಗಿಸುತ್ತಿದ್ದರು. ಆದರೆ ನಮ್ಮ ದನಗಾಹಿ ನಡೆದು ಹೋಗುತ್ತಾನೆ, ಅವನ ಕೂಗಿಗೆ ದನ ಒಗ್ಗಿರುತ್ತದೆ. ವಯೋಮಿಂಗ್‌ನಲ್ಲಿ ಒಬ್ಬೊಬ್ಬನ ಪಾಲಿಗೆ ನೂರರ ಹತ್ತಿರ ದನ ಬರುತ್ತವೆ. ಅವು ತಿಂಗಳುಗಟ್ಟಲೆ ಮನುಷ್ಯರ ಸಹವಾಸವಿಲ್ಲದೆ ಬೆಳೆದವು. ಆ ಬಯಲಿನಲ್ಲಿ ಕಾಲ್ನಡಿಗೆಯವನು ಅವುಗಳ ಮುಂದೆ ಹೋಗಿ ನಿಲ್ಲುವಷ್ಟರಲ್ಲಿ ಹಿಂಡು ಗುಡ್ಡದಾಚೆ ಇರುತ್ತದೆ. ಅಲ್ಲಿ ಕುದುರೆ ಬೇಕಾಗುವುದು ಅದಕ್ಕೆ.

ಇಲ್ಲಿ ವಿವರಿಸುತ್ತಿರುವುದು ಆ ದಾರಿಯ ಒಂದು ಬೆಳಗಿನ ಪರಿಸ್ಥಿತಿ: ಕಿರಿದಾದ ಸೇತುವೆಯ ಬಾಯಲ್ಲಿ ಕರುಗಳು ಹಿಂದಕ್ಕೆ ನುಗ್ಗುವುದು. ಹಿಂಡಿನ ಗಾತ್ರ, ಸವಾರರ ಸಂಖ್ಯೆ, ಹೊತ್ತು, ದೂರ ಇವನ್ನು ಸಾಧಾರಣ ಗುಂಪೊಂದರ ಅಳತೆಗೆ ತಕ್ಕಂತೆ ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಇದು ಯಾವುದೇ ಒಂದು ರಾಂಚಿನ ಹಿಂಡಲ್ಲ.

ಹಿಂಡು, ಸವಾರರು, ಕುದುರೆಗಳು

320 ತಾಯಂದಿರು, 320 ಕರುಗಳು. ಮಾರ್ಚ್-ಏಪ್ರಿಲ್‌ನಲ್ಲಿ ಹುಟ್ಟಿದ ಕರುಗಳಿಗೆ ಈಗ ಎರಡರಿಂದ ಮೂರು ತಿಂಗಳು. ತೂಕ 80ರಿಂದ 110 ಕಿಲೋ. ಏಳು ಸವಾರರು, ಎರಡು ನಾಯಿಗಳು. ದಾರಿಯ ಮೂರನೆಯ ದಿನ.

ಬರೀ ಹೋರಿಗಳ ಹಿಂಡಾದರೆ ದಿನಕ್ಕೆ 20 ಕಿ.ಮೀ. ನಡೆಸಬಹುದು. ತಾಯಿ-ಕರುಗಳ ಹಿಂಡಿಗೆ 10ರಿಂದ 14 ಕಿ.ಮೀ. ಧಾರಾಳವಾಯಿತು. ಕರುವಿನ ಕಾಲು ಸೋಲುತ್ತದೆ ಎಂಬುದು ಒಂದು ಕಾರಣವಷ್ಟೆ. ದೊಡ್ಡ ಕಾರಣ ಬೇರೆ ಇದೆ, ಈ ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ: ತಾಯಿ ಕಣ್ಮರೆಯಾದ ಕರು ಕೊನೆಯ ಸಲ ಹಾಲು ಕುಡಿದ ಜಾಗಕ್ಕೆ ವಾಪಸು ಹೋಗುತ್ತದೆ. ಹಿಂಡಿನ ಜೊತೆ ಇದ್ದರೆ ತಾಯಿ ಸಿಗುತ್ತಾಳೆ ಎಂಬ ಬುದ್ಧಿ ಅದಕ್ಕಿನ್ನೂ ಬಂದಿಲ್ಲ. ಅದಕ್ಕೆ ಗೊತ್ತಿರುವುದು ಹಾಲು ಸಿಕ್ಕ ಜಾಗ ಮಾತ್ರ. ತಾಯಿಯದೂ ಅದೇ ಬುದ್ಧಿ. ಕರು ಕಳೆದುಕೊಂಡವಳು ಕೊನೆಗೆ ಹೋಗಿ ನಿಲ್ಲುವುದು ಅದೇ ಜಾಗದಲ್ಲಿ.

ನಡೆಯುವಾಗ ಹಿಂಡು ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮುಂದಲೆಯಲ್ಲಿ ಒಬ್ಬ, ಎಡಬಲದ ಪಕ್ಕೆಗಳಲ್ಲಿ ಇಬ್ಬಿಬ್ಬರು, ಬಾಲದಲ್ಲಿ ಇಬ್ಬರು. ಅಲ್ಲಿನವರ ಮಾತಿನಲ್ಲಿ ಮುಂದಲೆಗೆ ಪಾಯಿಂಟ್, ಪಕ್ಕೆಗೆ ಸ್ವಿಂಗ್ ಮತ್ತು ಫ್ಲ್ಯಾಂಕ್, ಬಾಲಕ್ಕೆ ಡ್ರ್ಯಾಗ್. ಬಾಲದಲ್ಲಿ ಧೂಳು ತಿನ್ನಬೇಕು, ಆದ್ದರಿಂದ ಹೊಸಬರನ್ನು ಅಲ್ಲಿಗೆ ತಳ್ಳುವುದು ಹಳೆಯ ವಾಡಿಕೆ. ಹೋರಿಗಳ ಹಿಂಡಿಗೆ ಆ ವಾಡಿಕೆ ಹೇಗೋ ನಡೆದೀತು. ತಾಯಿ-ಕರುಗಳ ಹಿಂಡಿನಲ್ಲಿ ದಿನ ಕೆಡುವುದೂ ಉಳಿಯುವುದೂ ಬಾಲದಲ್ಲೇ. ದಣಿದ ಕರು, ಕುಂಟುವ ಕರು, ತಾಯಿ ಬಿಟ್ಟ ಕರು ಎಲ್ಲವೂ ಜಾರುತ್ತಾ ಜಾರುತ್ತಾ ಬಂದು ಸೇರುವುದು ಅಲ್ಲಿಗೆ. ನುರಿತ ಸವಾರ, ನಿಧಾನಿ ಕುದುರೆ ಇರಬೇಕಾದದ್ದು ಅಲ್ಲಿ. ಈ ಪ್ರಕರಣದಲ್ಲಿ ಅಲ್ಲಿದ್ದದ್ದು ಒಬ್ಬ ಹೊಸ ಹುಡುಗ ಮತ್ತು ಅವನ ಕೆಳಗೊಂದು ನಾಲ್ಕು ವರ್ಷದ ಎಳೆಗುದುರೆ. ಜೊತೆಗಾರನ ಕುದುರೆ ಹದಿನಾಲ್ಕು ವರ್ಷದ್ದು, ಬೀಜ ಒಡೆದದ್ದು, ಪಳಗಿದ್ದು.

ಕುದುರೆಗಳೆಲ್ಲ ಕ್ವಾರ್ಟರ್ ಹಾರ್ಸ್ ತಳಿಯವು. ಈ ತಳಿಗೆ ದನದ ನಡೆ ಮೊದಲೇ ಅರಿಯುವ ಬುದ್ಧಿ ಹುಟ್ಟಿನಿಂದಲೇ ಬರುತ್ತದೆ. ಕಿವಿ ಮುಂದಕ್ಕೆ ಚಾಚಿ ಒಂದೇ ಹಸುವಿನ ಮೇಲೆ ಕಣ್ಣಿಟ್ಟಿತೆಂದರೆ, ಅದು ಹೊರಳುವ ಮುನ್ನ ತಾನೇ ಹೊರಳಿ ನಿಂತಿರುತ್ತದೆ. ತೂಕ 450ರಿಂದ 540 ಕಿಲೋ. ಸವಾರ, ಜೀನು, ಹಗ್ಗ, ಮಳೆಕೋಟು ಎಲ್ಲ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗ ಮೀರಬಾರದೆಂಬುದು ಲೆಕ್ಕ. ದನ ಕೆಲಸದ ಜೀನೇ 15ರಿಂದ 18 ಕಿಲೋ ತೂಗುತ್ತದೆ. ಹಗ್ಗ ಸುತ್ತಲು ಮುಂದೆ ಕೊಂಬಿರುತ್ತದೆ, ಹೊಟ್ಟೆಯಡಿ ಎರಡು ಪಟ್ಟಿಗಳಿರುತ್ತವೆ. ಮುಂಪಟ್ಟಿ ಬಿಗಿಯಾಗಿರಬೇಕು, ಎರಡು ಬೆರಳು ಕಷ್ಟಪಟ್ಟು ತೂರುವಷ್ಟು. ಹಿಂಪಟ್ಟಿ ಹೊಟ್ಟೆಗೆ ತಾಗಿಯೂ ತಾಗದಂತಿರಬೇಕು. ಹಗ್ಗ ಎಳೆದಾಗ ಜೀನು ಹಿಂದಿನಿಂದ ಮೇಲೇಳದಂತೆ ಹಿಡಿಯುವುದು ಇದರ ಕೆಲಸ. ಎರಡೂ ಪಟ್ಟಿಗಳನ್ನು ಹೊಟ್ಟೆಯಡಿ ಒಂದು ಗೇಣುದ್ದದ ತೊಗಲಿನಿಂದ ಕೂಡಿಸಿರಬೇಕು. ಆ ತುಂಡು ಇಲ್ಲದಿದ್ದರೆ ಹಿಂಪಟ್ಟಿ ತೊಡೆಸಂದಿಗೆ ಜಾರುತ್ತದೆ, ಎಂಥ ಸಾಧು ಕುದುರೆಯೂ ಎಗರುತ್ತದೆ. ಇನ್ನೊಂದು ಮಾತು: ಜೀನು ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಹೊರಟ ಇಪ್ಪತ್ತು ನಿಮಿಷಕ್ಕೆ ಇಳಿದು ಮತ್ತೊಮ್ಮೆ ಬಿಗಿಯಲೇಬೇಕು.

ಬೆಳಗಿನ ತಪ್ಪು

ಸೇತುವೆಗೆ ಎಂಟು ಕಿಲೋಮೀಟರ್. ಬಿಸಿಲೇರುವ ಮುನ್ನ ದಾಟಿಸಿ, ಆಚೆಗೆ ನಾಲ್ಕು ಕಿಲೋಮೀಟರ್‌ನಲ್ಲಿರುವ ಬೇಲಿಯೊಳಗಿನ ಹುಲ್ಲಿಗೆ ಬಿಡುವುದು ಆ ದಿನದ ಯೋಜನೆ. ಬೆಳಕು ಹರಿಯುವ ಹೊತ್ತಿಗೆ, ಐದು ಗಂಟೆಗೆ, ಹಿಂಡನ್ನು ಎಬ್ಬಿಸಿದರು. ಐದೂ ಕಾಲಿಗೆ ನಡೆಸಿದರು.

ಆ ಹದಿನೈದು ನಿಮಿಷ ಸಾಲದು. ರಾತ್ರಿ ಮಲಗಿದ ಹಸು ಎದ್ದು ಮೈ ಮುರಿಯಬೇಕು, ಕರುವನ್ನು ಕರೆಯಬೇಕು, ಕರು ಬಂದು ಕುಡಿಯಬೇಕು. ಮುನ್ನೂರು ಜೋಡಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಸವಾರರು ಹಿಂಡಿನಿಂದ ನೂರಡಿ ದೂರದಲ್ಲಿ ಕುದುರೆ ನಿಲ್ಲಿಸಿಕೊಂಡು ಸುಮ್ಮನಿರಬೇಕು. ಚಳಿಯಲ್ಲಿ ಹಾಗೆ ನಿಲ್ಲುವುದು ಯಾರಿಗೂ ಹಿತವಲ್ಲ, ಅದಕ್ಕೇ ಆ ಹೊತ್ತು ಮೊದಲು ಕಡಿತವಾಗುತ್ತದೆ. ಹೊಟ್ಟೆ ತುಂಬಿದ ಕರುವಿನ ಬಾಯಂಚಿನಲ್ಲಿ ಬಿಳಿ ನೊರೆ ಇರುತ್ತದೆ. ಹಾಲು ಕುಡಿಸಿದ ತಾಯಿಯ ಕೆಚ್ಚಲು ಸಡಿಲವಾಗಿ, ಮೊಲೆಗಳು ಒದ್ದೆಯಾಗಿ ಹೊಳೆಯುತ್ತವೆ. ಹೊರಡುವ ಮುನ್ನ ನೋಡಬೇಕಾದದ್ದು ಇವನ್ನೇ. ಆ ಬೆಳಿಗ್ಗೆ ಹಿಂಡಿನಲ್ಲಿ ಬಿಗಿದ ಕೆಚ್ಚಲುಗಳು ಹಲವಿದ್ದವು.

ಎರಡನೆಯ ತಪ್ಪು ಬಾಲದಲ್ಲಿ. ಎಳೆಗುದುರೆಗೆ ನಡಿಗೆ ಒಗ್ಗದು, ಕುಣಿಯುತ್ತಲೇ ಇರುತ್ತದೆ. ಹುಡುಗ ಲಗಾಮು ಎಳೆದಷ್ಟೂ ಅದು ತಲೆ ಎತ್ತಿ ಇನ್ನಷ್ಟು ಕುಣಿಯಿತು, ಕರುಗಳ ಹಿಮ್ಮಡಿಗೇ ಹೋಗಿ ನಿಲ್ಲುತ್ತಿತ್ತು.

ಇದೇಕೆ ಕೆಡುಕು ಎಂಬುದಕ್ಕೆ ದನದ ಕಣ್ಣು ಅರ್ಥವಾಗಬೇಕು. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ದನಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಬಾಲದ ನೇರಕ್ಕೆ ಮಾತ್ರ ಕಾಣದು. ಪ್ರತಿ ದನದ ಸುತ್ತಲೂ ಒಂದು ಅಂಜಿಕೆಯ ಎಲ್ಲೆ ಇರುತ್ತದೆ. ಸವಾರ ಅದರೊಳಗೆ ಕಾಲಿಟ್ಟರೆ ದನ ಸರಿಯುತ್ತದೆ, ಹೊರಗೆ ನಿಂತರೆ ತಿರುಗಿ ನೋಡುತ್ತದೆ. ಹೆಗಲು ತಿರುವಿನ ಬಿಂದು: ಅದರ ಹಿಂದಿನಿಂದ ಒತ್ತಿದರೆ ಮುಂದಕ್ಕೆ, ಮುಂದಿನಿಂದ ಒತ್ತಿದರೆ ಹಿಂದಕ್ಕೆ. ಪಕ್ಕೆಯ ಸವಾರ ಹಿಂಡು ಹೋಗುವ ದಿಕ್ಕಿಗೇ ಸವಾರಿ ಮಾಡಿದರೆ ಹಿಂಡು ನಿಧಾನವಾಗುತ್ತದೆ, ಎದುರು ದಿಕ್ಕಿಗೆ ಮಾಡಿದರೆ ಚುರುಕಾಗುತ್ತದೆ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಮುಂದಕ್ಕೆ ಅಟ್ಟಲೆಂದು ದನದ ಜೊತೆಗೇ ಓಡಿಸುತ್ತಾರೆ, ಹಾಗೆ ಓಡಿಸಿ ಪ್ರತಿಯೊಂದರ ಹೆಗಲನ್ನೂ ಹಿಂದಿನಿಂದ ಮುಂದಕ್ಕೆ ದಾಟಿ ಅದನ್ನು ತಡೆಯುತ್ತಾ ಹೋಗುತ್ತಾರೆ.

ಬಾಲದವರು ನೇರ ಹಿಂದೆ ನಿಲ್ಲದೆ, ಹಿಂಡಿನ ಅಗಲಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೆಟ್ಟಗೆ ಗೆರೆ ಎಳೆದಂತೆ ಹಾಯುತ್ತಾ ಇರಬೇಕು. ಕುದುರೆ ಒಂದು ಕಣ್ಣಿನಿಂದ ಮರೆಯಾಗುವಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬೀಳುತ್ತದೆ, ದನ ತಲೆ ತಿರುಗಿಸುವ ಅಗತ್ಯವೇ ಇಲ್ಲದೆ ಮುಂದಡಿಯಿಡುತ್ತದೆ. ಅದು ಹೆಜ್ಜೆ ಇಟ್ಟ ತಕ್ಷಣ ಕುದುರೆ ನಿಲ್ಲಬೇಕು. ಆ ನಿಲುಗಡೆಯೇ ದನಕ್ಕೆ ಸಿಗುವ ಬಹುಮಾನ. ದನವನ್ನು ಬೆದರಿಸದೆ ನಡೆಸುವ ಈ ವಿದ್ಯೆಯನ್ನು ಬಡ್ ವಿಲಿಯಮ್ಸ್ ಜೀವನವಿಡೀ ಕಲಿಸಿದರು. ನಿಲ್ಲಲು ಬಾರದ ಕುದುರೆಯ ಮೇಲೆ ಕೂತು ಇದನ್ನು ಮಾಡಲಾಗದು.

ಆರೂವರೆಯ ಹೊತ್ತಿಗೇ ಸೂಚನೆಗಳಿದ್ದವು. ಬಾಲದ ನಲವತ್ತು ಐವತ್ತು ಕರುಗಳು ಒತ್ತೊತ್ತಾಗಿ, ತಲೆ ಎತ್ತಿ, ಕಿವಿ ಹಿಂದಕ್ಕೆ ತಿರುಗಿಸಿ ನಡೆಯುತ್ತಿದ್ದವು. ನಿರಾಳವಾಗಿ ನಡೆಯುವ ಕರುವಿನ ತಲೆ ಬೆನ್ನಿನ ಮಟ್ಟಕ್ಕಿರುತ್ತದೆ. ಕೆಲವು ನಾಲಿಗೆ ಹೊರಚಾಚಿದ್ದವು. ಅವುಗಳ ತಾಯಂದಿರು ಮುಕ್ಕಾಲು ಕಿಲೋಮೀಟರ್ ಮುಂದೆ ಹುಲ್ಲಿನಾಸೆಗೆ ದಾಪುಗಾಲು ಹಾಕುತ್ತಿದ್ದರು. ಮುಂದಲೆಯವನು ಆಗಲೇ ಅಡ್ಡ ಬಂದು ಇಪ್ಪತ್ತು ನಿಮಿಷ ತಡೆದಿದ್ದರೆ ಹಿಂಡು ಕೂಡಿಕೊಳ್ಳುತ್ತಿತ್ತು. ಅವನಿಗೆ ಸೇತುವೆಯ ಚಿಂತೆ.

ಸೇತುವೆ

ಎಂಟೂವರೆಗೆ ಮುಂದಲೆ ಸೇತುವೆ ಮುಟ್ಟಿತು. ದನಕ್ಕೆ ಆಳ ಅಳೆಯುವ ಕಣ್ಣು ಮಂದ. ಕಂಬಿಯ ನೆರಳು ಅದಕ್ಕೆ ಹಳ್ಳದಂತೆ ಕಾಣುತ್ತದೆ, ಹಲಗೆಯ ಡೊಳ್ಳು ಸದ್ದು ಗೊರಸಿಗೆ ಬೆದರಿಕೆ. ಅದಕ್ಕೆ ಮದ್ದು ಹೊತ್ತು ಮಾತ್ರ. ಹೋದ ವರ್ಷ ದಾಟಿದ ಹಳೆಯ ಹಸುಗಳನ್ನು ಮುಂದೆ ಬಿಟ್ಟು, ಅವು ಮೂಸಿ ನೋಡುವವರೆಗೆ ಹಿಂದಿನವರು ಒತ್ತದೆ ನಿಂತರೆ, ಐದೋ ಹತ್ತೋ ನಿಮಿಷಕ್ಕೆ ಒಂದು ಕಾಲಿಡುತ್ತದೆ, ಉಳಿದವು ಹಿಂಬಾಲಿಸುತ್ತವೆ. ಇಲ್ಲೂ ಹಾಗೇ ಆಯಿತು. ಇನ್ನೂರು ಹಸುಗಳು ಸರಾಗವಾಗಿ ದಾಟಿದವು, ಹೆಚ್ಚಿನವು ಕರುಗಳನ್ನು ಈಚೆ ದಡದಲ್ಲೇ ಬಿಟ್ಟು.

ಬಾಲದಲ್ಲಿ ಉಳಿದದ್ದು ಬಹುಪಾಲು ಕರುಗಳ ಗುಂಪು. ಕರುವೊಂದಕ್ಕೆ ಹಿಂಬಾಲಿಸಲು ಎದುರಿಗೆ ತಾಯಿಯಿಲ್ಲ, ದಾಟಿ ಗೊತ್ತಿಲ್ಲ. ಬೆನ್ನಿಗೆ ಕುಣಿಯುವ ಕುದುರೆ. ಹುಡುಗ ಕೂಗಿ ಹಗ್ಗದ ತುದಿ ಬೀಸಿದ. ನಾಯಿ ಬಿಟ್ಟರು. ತೋಳಗಳಿರುವ ಈ ಸೀಮೆಯ ಹಸುಗಳು ನಾಯಿ ಕಂಡರೆ ಕರು ಕಾಯಲು ತಿರುಗಿ ನಿಲ್ಲುತ್ತವೆ, ಉಳಿದಿದ್ದ ಕೆಲವು ತಾಯಂದಿರು ಹಾಗೇ ಮಾಡಿದವು. ಒಂದು ಕರು ಎಳೆಗುದುರೆಯ ಮುಂಗಾಲಿನ ಪಕ್ಕದಲ್ಲೇ ನುಸುಳಿತು. ಅದರ ಹಿಂದೆ ಮೂವತ್ತೈದು.

ಹುಡುಗ ನಾಗಾಲೋಟದಲ್ಲಿ ಬೆನ್ನಟ್ಟಿದ. ಯಾರಿಗಾದರೂ ಹಾಗೆ ಮಾಡಬೇಕೆನಿಸುತ್ತದೆ, ಆದರೆ ಅದು ಸುತರಾಂ ಕೂಡದು. ಅವನು ಬಿಟ್ಟ ಜಾಗವೇ ಮುಂದಿನ ಕಂಡಿಯಾಯಿತು, ಅದರಲ್ಲಿ ಇನ್ನೂ ಇಪ್ಪತ್ತು ಹೋದವು. ಕರು ಕುದುರೆಗಿಂತ ಗಿಡ್ಡ, ಹೊರಳುವುದರಲ್ಲಿ ಚುರುಕು. ಸೇಜ್‌ಬ್ರಶ್ ಪೊದೆಗಳ ನಡುವೆ ಗುಂಪು ಓಡಿದರೆ ಒಂದನ್ನು ತಿರುಗಿಸುವಷ್ಟರಲ್ಲಿ ನಾಲ್ಕು ಜಾರುತ್ತವೆ. ಬೆನ್ನಟ್ಟಿದಷ್ಟೂ ತಾನು ಓಡಬೇಕಾದದ್ದು ಸರಿ ಎಂದು ಕರುವಿಗೆ ಖಾತ್ರಿಯಾಗುತ್ತದೆ.

ಸರಿಪಡಿಸಿದ ಬಗೆ

ಪಕ್ಕೆಯಲ್ಲಿದ್ದ ಹಿರಿಯ ಸವಾರ ಮೊದಲು ಮಾಡಿದ್ದು ಎಲ್ಲರನ್ನೂ ನಿಲ್ಲಿಸಿದ್ದು. “ಯಾರೂ ಅಟ್ಟಬೇಡಿ, ನಾಯಿ ಕಟ್ಟಿಹಾಕಿ.” ಹುಡುಗನನ್ನು ವಾಪಸು ಕರೆದರು. ಪಳಗಿದ ಕುದುರೆಯವನನ್ನು ಮಾತ್ರ ಓಡಿದ ಕರುಗಳ ದಿಕ್ಕಿಗೆ ಕಳಿಸಿದರು. ಅವನು ಅವುಗಳ ಹಿಂದೆ ಹೋಗಲಿಲ್ಲ. ಇನ್ನೂರು ಮೀಟರ್ ಬದಿಗೆ ಸರಿದು, ಅವುಗಳ ಕಣ್ಣಿಗೆ ಬೀಳದಂತೆ ತಗ್ಗಿನಲ್ಲಿ ದುಡುಕಿಯಲ್ಲಿ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದಲ್ಲಿ) ಸಾಗಿ, ಬಹಳ ಮುಂದೆ ಹೋಗಿ ಅಡ್ಡ ನಿಂತ. ಎದುರಿಗೆ ನಿಂತ ಕುದುರೆ ಕಂಡು ಮುಂದಿನವು ನಿಂತವು, ಹಿಂದಿನವು ಬಂದು ಸೇರಿದವು. ಆಮೇಲೂ ಅವನು ಅವನ್ನು ಹಿಂದಕ್ಕೆ ಹೊಡೆಯಲಿಲ್ಲ. ನಿಂತೇ ಇದ್ದ.

ಎರಡನೆಯ ಕೆಲಸ ಆಚೆ ದಡದಲ್ಲಿ. ಮುಂದಲೆಯವನು ದಾಟಿದ ಹಸುಗಳ ಎದುರು ಬಂದು ತಡೆದ. ಹತ್ತು ನಿಮಿಷಕ್ಕೆಲ್ಲ ಹಸುಗಳಿಗೆ ಕರುಗಳ ನೆನಪಾಯಿತು. ಅಂಬಾ ಎಂಬ ಕೂಗು ದಡ ತುಂಬಿತು. ಸೇತುವೆಯ ಬಾಯಿಯಿಂದ ಸವಾರರು ಐವತ್ತು ಮೀಟರ್ ಹಿಂದೆ ಸರಿದು ದಾರಿ ಬಿಟ್ಟರು. ಹಸುಗಳು ತಾವೇ ಸೇತುವೆ ದಾಟಿ ಈಚೆಗೆ ಬಂದವು, ನೂರಕ್ಕೂ ಹೆಚ್ಚು. ದಾಟಿಸಿದ್ದನ್ನು ಮತ್ತೆ ಹಿಂದಕ್ಕೆ ಬಿಡುವುದು ನೋಡುವವರಿಗೆ ಸೋಲಿನಂತೆ ಕಾಣುತ್ತದೆ. ಕರುವನ್ನು ತಾಯಿಯ ಬಳಿಗೆ ಒಯ್ಯುವುದಕ್ಕಿಂತ ತಾಯಿಯನ್ನು ಕರುವಿನ ಬಳಿಗೆ ಬಿಡುವುದು ಯಾವತ್ತಿಗೂ ಹಗುರದ ಕೆಲಸ. ಹಸು ಮೂಸಿ ತನ್ನದನ್ನು ಹುಡುಕಿಕೊಳ್ಳುತ್ತದೆ, ಆ ಕೆಲಸ ಯಾವ ಸವಾರನಿಗೂ ಬಾರದು.

ಒಂದು ಗಂಟೆ ಐದು ನಿಮಿಷ ಹಿಂಡನ್ನು ಸಡಿಲವಾಗಿ ಹಿಡಿದು ನಿಂತರು. ಕರುಗಳು ಕುಡಿದವು, ಕೆಲವು ಮಲಗಿದವು. ಅದಾದ ಮೇಲೆ 40-50 ಜೋಡಿಗಳ ತುಂಡು ತುಂಡಾಗಿ ಬಿಡಿಸಿ ದಾಟಿಸಿದರು. ಪ್ರತಿ ತುಂಡಿನ ಮುಂದೆ ಒಂದೆರಡು ಹಳೆಯ ಹಸುಗಳು. ಕುದುರೆಗಳು ಆಲಿಕೆಯ ಬಾಯಂತೆ ಎರಡು ಬದಿಗೆ ನಿಂತವು, ಯಾರೂ ನೇರ ಹಿಂದೆ ಇರಲಿಲ್ಲ. ಕರು ತಾಯಿಯ ಪಕ್ಕೆಗೆ ಮೈ ಹಚ್ಚಿಕೊಂಡಿದ್ದರೆ ನೆರಳನ್ನೂ ನೋಡುವುದಿಲ್ಲ, ಸದ್ದನ್ನೂ ಕೇಳುವುದಿಲ್ಲ.

ಕೊನೆಗೆ ಒಂದು ಕರು ಉಳಿಯಿತು. ತಾಯಿ ಆಚೆ ನಿಂತು ಕೂಗಿದರೂ ಜಗ್ಗಲಿಲ್ಲ. ಹಗ್ಗ ಹಾಕಿದ್ದು ಅದೊಂದಕ್ಕೇ. ಹತ್ತು ಮೀಟರ್ ಉದ್ದದ ನೈಲಾನ್ ಹಗ್ಗ; ಕುಣಿಕೆ ಕುತ್ತಿಗೆಗೆ ಬಿದ್ದ ಕೂಡಲೇ ಸಡಿಲ ಎಳೆದು, ಜೀನಿನ ಕೊಂಬಿಗೆ ಎಡಸುತ್ತಾಗಿ ಎರಡು ಸುತ್ತು. ಸುತ್ತುವಾಗ ಹೆಬ್ಬೆರಳು ಆಕಾಶ ನೋಡುತ್ತಿರಬೇಕು. ಹಗ್ಗಕ್ಕೂ ಕೊಂಬಿಗೂ ನಡುವೆ ಸಿಕ್ಕಿ ಹೆಬ್ಬೆರಳು ಕಳೆದುಕೊಂಡವರು ಈ ಕಸುಬಿನಲ್ಲಿ ಅಪರೂಪವಲ್ಲ. ಕರುವನ್ನು ಎಳೆದೊಯ್ಯಬಾರದು, ಉಸಿರು ಕಟ್ಟುತ್ತದೆ. ಕುದುರೆ ಎರಡು ಹೆಜ್ಜೆ ಹೋಗಿ ನಿಲ್ಲಬೇಕು, ಹಗ್ಗ ಸಡಿಲಬೇಕು, ಕರು ಒಂದು ಹೆಜ್ಜೆ ಇಡಬೇಕು, ಮತ್ತೆ ಎರಡು ಹೆಜ್ಜೆ. ಹಿಂದಿನಿಂದ ಇನ್ನೊಬ್ಬ ಸವಾರ ಸುಮ್ಮನೆ ಜೊತೆಗೆ ನಡೆದ.

ಎಳೆಗುದುರೆಯನ್ನು ಅಲ್ಲಿಗೇ ಬಿಡುಗಡೆ ಮಾಡಿದರು. ದವಡೆಯಡಿ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಬಡಿಯುವ ಗುಂಡಿಗೆ, ದುಡಿದು ನಿಂತ ಹತ್ತು ಹದಿನೈದು ನಿಮಿಷಕ್ಕೆ 60ರ ಕೆಳಗಿಳಿದರೆ ಕುದುರೆ ಚೆನ್ನಾಗಿದೆ. ಇದರದ್ದು ಹದಿನೈದು ನಿಮಿಷದ ಮೇಲೂ 80ರಲ್ಲಿತ್ತು. ಪಟ್ಟಿಯ ಕೆಳಗೆ, ಮೊಣಕೈ ಹಿಂದೆ ಕೂದಲು ಉಜ್ಜಿಹೋಗಿ ಚರ್ಮ ಕೆಂಪಾಗಿತ್ತು. ಬೆಳಿಗ್ಗೆ ಎರಡನೆಯ ಸಲ ಬಿಗಿದಿರಲಿಲ್ಲ, ಓಟದಲ್ಲಿ ಜೀನು ಹಿಂದೆ ಮುಂದೆ ಆಡಿತ್ತು. ಜೀನು ಇಳಿಸಿ ಟ್ರೇಲರಿಗೆ ಹತ್ತಿಸಿದರು. ಹುಡುಗನಿಗೆ ಬೇರೆ ಮುದಿ ಕುದುರೆ ಕೊಟ್ಟು ಪಕ್ಕೆಗೆ ಹಾಕಿದರು, ಹಿರಿಯ ಸವಾರ ತಾನೇ ಬಾಲಕ್ಕೆ ಬಂದ.

ಸಂಜೆ

ಒಂದೂವರೆಗೆ ಬೇಲಿಯೊಳಗೆ ಬಿಟ್ಟರು. ಬಿಟ್ಟ ಕೂಡಲೇ ಸವಾರರು ಊಟಕ್ಕೆ ಹೊರಡುವಂತಿಲ್ಲ. ಹಿಂಡನ್ನು ಒಂದೇ ಕಡೆ ಹಿಡಿದು, ಪ್ರತಿ ಹಸುವೂ ತನ್ನ ಕರುವನ್ನು ಸೇರಿ ಕುಡಿಸುವವರೆಗೆ, ಎರಡು ಗಂಟೆಯಾದರೂ ಕಾಯಬೇಕು. ಈ ಹೊಸ ಜಾಗವೇ ಇನ್ನು ‘ಕೊನೆಯ ಸಲ ಹಾಲು ಕುಡಿದ ಜಾಗ’ ಆಗಬೇಕು. ಆಗದಿದ್ದರೆ ರಾತ್ರಿ ಬೇಲಿಯೂ ಕರುಗಳನ್ನು ತಡೆಯದು, ತಂತಿಯ ಅಡಿಯಲ್ಲಿ ನುಸುಳುತ್ತವೆ.

ಮೂರೂವರೆಯ ಹೊತ್ತಿಗೆ ಹಿಂಡು ಮಲಗಿ ಮೆಲುಕು ಹಾಕುತ್ತಿತ್ತು. ಮೂರು ಹಸುಗಳು ಮಾತ್ರ ದಕ್ಷಿಣದ ಬೇಲಿಗುಂಟ ಓಡಾಡುತ್ತಾ ಕೂಗುತ್ತಿದ್ದವು. ಕೆಚ್ಚಲು ಬಿಗಿದು ಮೊಲೆಗಳು ಸೆಟೆದು ನಿಂತಿದ್ದವು. ಓಡಿದ ಕರುಗಳಲ್ಲಿ ಮೂರು ಯಾರ ಕಣ್ಣಿಗೂ ಬೀಳದೆ ಪೊದೆಗಳಲ್ಲಿ ಜಾರಿದ್ದವು.

ಹುಡುಕಾಟಕ್ಕೆ ಯಾರನ್ನೂ ಕಳಿಸಲಿಲ್ಲ. ಗೇಟು ತೆಗೆದು ಮೂರೂ ಹಸುಗಳನ್ನು ಹೊರಗೆ ಬಿಟ್ಟರು. ಇಬ್ಬರು ಸವಾರರು ನೂರು ಮೀಟರ್ ಹಿಂದೆ, ಬರೀ ನಡಿಗೆಯಲ್ಲಿ ಹಿಂಬಾಲಿಸಿದರು. ಹಸುಗಳು ಎಲ್ಲೂ ತಡವರಿಸಲಿಲ್ಲ. ಸೇತುವೆ ದಾಟಿ, ಬಂದ ದಾರಿಯಲ್ಲೇ ಹನ್ನೆರಡು ಕಿಲೋಮೀಟರ್ ಹಿಂದಕ್ಕೆ ನಡೆದು, ಏಳು ಗಂಟೆ ಹೊತ್ತಿಗೆ ಹಿಂದಿನ ರಾತ್ರಿ ಮಲಗಿದ್ದ ತಾಣ ಮುಟ್ಟಿದವು. ತುಳಿದ ಹುಲ್ಲಿನ ನಡುವೆ, ಪೊದೆಯ ನೆರಳಲ್ಲಿ ಮೂರೂ ಕರುಗಳು ಮಲಗಿದ್ದವು.

ಟ್ರೇಲರ್ ತರಿಸಿ ಹತ್ತಿಸಬಹುದಿತ್ತು. ಅದಕ್ಕೆ ತಾತ್ಕಾಲಿಕ ದೊಡ್ಡಿ ಕಟ್ಟಬೇಕು, ಕತ್ತಲಲ್ಲಿ ಮತ್ತೆ ಗದ್ದಲವಾಗಬೇಕು. ಸವಾರರು ಜೀನು ಇಳಿಸಿ, ಕುದುರೆಗಳ ಮುಂಗಾಲಿಗೆ ತೊಗಲಿನ ಕಟ್ಟು ಹಾಕಿ ಮೇಯಲು ಬಿಟ್ಟು, ಅಲ್ಲೇ ಉಳಿದರು. ಮರುದಿನ ಐದಕ್ಕೆ ಕರುಗಳು ಎದ್ದವು. ಬಾಯಂಚಿನಲ್ಲಿ ನೊರೆ ಕಾಣುವವರೆಗೆ ಇಬ್ಬರೂ ಕುದುರೆ ಹತ್ತಲಿಲ್ಲ. ಆರಕ್ಕೆ ಮೂರು ಜೋಡಿಗಳೂ ತಾವಾಗಿ ಉತ್ತರದ ದಾರಿ ಹಿಡಿದವು.